ಅನಲಿಟಿಕಲ್ ಅಲ್ಟ್ರಾಸೆಂಟ್ರಿಫ್ಯೂಜ್: 230 ನ್ಯಾನೊಮೀಟರ್‌ನಲ್ಲಿ ನಾಯ್ಸ್ ಜಾಸ್ತಿ, ಲ್ಯಾಂಪ್ ಬದಲಿಸಬೇಕಾ?

ಈಗಲೇ ಬೇಡ. (ಈ ಮಷೀನ್ ಪ್ರೋಟೀನಿನಂಥ ಸ್ಯಾಂಪಲ್ಲನ್ನು ಅತಿ ವೇಗವಾಗಿ ತಿರುಗಿಸುತ್ತಾ, ಅದರ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. 230 ಅನ್ನುವುದು ಆ ಯುವಿ ಬೆಳಕಿನ ತರಂಗಾಂತರ.) ಲ್ಯಾಂಪ್ ದುಬಾರಿ, ತಪ್ಪು ಬೇರೆ ಕಡೆ ಇರಬಹುದು.

ಮೊದಲು ರೋಟರ್‌ನ ಖಾಲಿ ತೂತಿನ ಮೂಲಕ 200ರಿಂದ 600 ನ್ಯಾನೊಮೀಟರ್‌ವರೆಗೆ ಇಂಟೆನ್ಸಿಟಿ ಸ್ಕ್ಯಾನ್ ಮಾಡಿ, ಅಂದರೆ ಪ್ರತಿ ತರಂಗಾಂತರದಲ್ಲಿ ಎಷ್ಟು ಬೆಳಕು ಬರುತ್ತಿದೆ ಅಂತ ಅಳೆಯಿರಿ. ಝೆನಾನ್ ಲ್ಯಾಂಪ್ ಚೆನ್ನಾಗಿದ್ದರೆ 230ರ ಹತ್ತಿರ ಎತ್ತರದ ಪೀಕ್ ಕಾಣುತ್ತದೆ. 500ರ ಆಚೆ ಬೆಳಕು ಸರಿಯಾಗಿದ್ದು 230 ಮಾತ್ರ ಕುಸಿದಿದ್ದರೆ, ಲ್ಯಾಂಪಿನ ಕಿಟಕಿಗೆ ಎಣ್ಣೆ ಕೂತಿದೆ ಅಂತಲೇ ಅನುಮಾನಿಸಿ. ವ್ಯಾಕ್ಯೂಮ್ ಮಾಡುವ ಡಿಫ್ಯೂಷನ್ ಪಂಪಿನ ಎಣ್ಣೆಯ ಆವಿ ಅಲ್ಲಿಗೆ ಬರುತ್ತದೆ, ಯುವಿ ಬೆಳಕು ಅದನ್ನು ಸುಟ್ಟು ಅಂಟಿಸುತ್ತದೆ. ವ್ಯಾಕ್ಯೂಮ್ ಬಿಟ್ಟು, ಮಷೀನ್ ಆಫ್ ಮಾಡಿ, ಮ್ಯಾನ್ಯುಯಲ್ ನೋಡಿಕೊಂಡು ಒರೆಸಬೇಕು. ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ. ಲ್ಯಾಂಪನ್ನು ಮತ್ತೆ ಕೂರಿಸಿದ ಮೇಲೆ ಪೀಕ್ 230ರಲ್ಲೇ ಇದೆಯಾ ನೋಡಿ, ಸರಿದಿರಬಹುದು.

ಎಲ್ಲಾ ತರಂಗಾಂತರದಲ್ಲೂ ಬೆಳಕು ಕಡಿಮೆಯಿದ್ದರೆ ಲ್ಯಾಂಪ್ ಸವೆದಿರಬಹುದು, ಅಲೈನ್‌ಮೆಂಟ್ ಹೋಗಿರಬಹುದು. ಸರ್ವಿಸ್ ಎಂಜಿನಿಯರ್‌ನ ಕರೆಸಿ.

ನಾಯ್ಸ್ ಒಂದೇ ಸೆಲ್‌ನಲ್ಲಿ (ಸ್ಯಾಂಪಲ್ ತುಂಬಿ ರೋಟರ್‌ನ ತೂತಿಗೆ ಹಾಕುವ ಡಬ್ಬಿ) ಇದೆಯಾ? ಆ ಸೆಲ್ಲನ್ನು ಬೇರೆ ತೂತಿಗೆ ಹಾಕಿ. ತೊಂದರೆ ಸೆಲ್ಲಿನ ಜೊತೆಗೇ ಹೋದರೆ ಸೆಲ್ಲಿನ ಕಿಟಕಿಯಲ್ಲಿ ಗೀರು, ಕಲೆ ಇದೆಯಾ ನೋಡಿ. ಪ್ರೋಟೀನಿನ ಬೌಂಡರಿ (ತಿರುಗುವಾಗ ಕೆಳಗಿಳಿಯುವ ಪ್ರೋಟೀನಿನ ಅಂಚು) ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ ಸರಿಯುತ್ತದೆ, ಗೀರು ಮಾತ್ರ ಅದೇ ರೇಡಿಯಸ್‌ನಲ್ಲಿ ನಿಂತಿರುತ್ತದೆ. ಇಲ್ಲಿ ಬೆಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ನಾವು 4 ಡಿಗ್ರಿಯ ರೋಟರನ್ನು ಸುಮ್ನೆ ಬೆಂಚಿನ ಮೇಲಿಟ್ಟಿದ್ದೆವು. ಐದೇ ನಿಮಿಷಕ್ಕೆ ಸೆಲ್ ಕಿಟಕಿ ಮೇಲೆ ನೀರಿನ ಹನಿ! ಒಣಗಿದ ಮೇಲೂ ಕಲೆ ಉಳಿದು ಇಡೀ ರನ್ ಹಾಳಾಯಿತು.

ಬಫರ್‌ನಲ್ಲಿ ಇಮಿಡಜೋಲ್ ಇದ್ದರೆ 230ರಲ್ಲಿ ಅದೇ ಬೆಳಕು ನುಂಗುತ್ತದೆ. ಹಳೆಯ ಡಿಟಿಟಿಯೂ (ಪ್ರೋಟೀನ್ ಆಕ್ಸಿಡೈಸ್ ಆಗದಂತೆ ಬಫರ್‌ಗೆ ಹಾಕುವ ಕೆಮಿಕಲ್) ಅಷ್ಟೇ, ಆಕ್ಸಿಡೈಸ್ ಆದರೆ 280ಕ್ಕೂ ಕಾಟ ಕೊಡುತ್ತದೆ. ಹೊಸ ಬಫರ್ ಮಾಡಿ ಒಮ್ಮೆ ನೋಡಿ.