ಪಿಂಕ್ ಫ್ಲಾಯ್ಡ್‌ನಲ್ಲಿ ದೊಡ್ಡ ಸಂಗೀತಗಾರ ಯಾರು, ವಾಟರ್ಸಾ ಗಿಲ್ಮೋರಾ?

ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ವಿಷಯಕ್ಕೆ ನಿಮ್ಮ ಬ್ಯಾಂಡಿನಲ್ಲಿ ಇಬ್ಬರು ಅದರ ಬೇಸ್ ವಾದಕ ರೋಜರ್ ವಾಟರ್ಸ್ ಕಡೆ, ಇಬ್ಬರು ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಕಡೆ, ದಿನಾ ಜಗಳ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಇದೇ ಜಗಳದಲ್ಲಿ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡಿದ್ದೇನೆ.

ನಮ್ಮದು ಕಾಸರಗೋಡು. ನನ್ನ ಮನೆ ಬದಿಯಡ್ಕದ ಹತ್ತಿರ, ಅವನದ್ದು ಪೆರ್ಲದ ಕಡೆ. ನಾನು ಗಿಟಾರ್, ಅವನು ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್. ಡ್ರಮ್ಸ್ ಹುಡುಗನ ಮನೆಮಾತು ಮಲಯಾಳ, ಕೀಬೋರ್ಡಿನವನದ್ದು ತುಳು. ಪ್ರಾಕ್ಟೀಸ್ ನಮ್ಮ ಅಡಿಕೆ ಅಂಗಳದ ಬದಿಯ ಶೆಡ್ಡಿನಲ್ಲಿ. ಪಿಂಕ್ ಫ್ಲಾಯ್ಡ್ ಕ್ಯಾಸೆಟ್‌ಗಳು ನಮಗೆ ಸಿಕ್ಕಿದ್ದು ಡ್ರಮ್ಸ್ ಹುಡುಗನ ಅಣ್ಣ ದುಬೈಯಿಂದ ತಂದ ಪೆಟ್ಟಿಗೆಯಲ್ಲಿ. ಟೇಪು ಸವೆಯುವಷ್ಟು ಕೇಳಿದೆವು.

2002ರ ಏಪ್ರಿಲ್‌ನಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದ. ನಾಲ್ವರೂ ಸಾಲ ಮಾಡಿ ರಾತ್ರಿ ಬಸ್ಸು ಹತ್ತಿದೆವು. ಆ ರಾತ್ರಿಯ ಬಗ್ಗೆ ಜಾಸ್ತಿ ಹೇಳಲು ಹೋದರೆ ಉತ್ತರ ಮುಗಿಯುವುದಿಲ್ಲ. ಗಿಲ್ಮೋರ್ ಇರಲಿಲ್ಲ, ಅವನ ಭಾಗವನ್ನು ಬೇರೆ ಗಿಟಾರಿಸ್ಟ್‌ಗಳು ನುಡಿಸಿದರು. ವಾಪಸ್ ಬರುವಾಗ ಹಾಸನದಲ್ಲಿ ಶುರುವಾದ ವಾದ ಶಿರಾಡಿ ಘಾಟಿ ಇಳಿದರೂ ಮುಗಿಯಲಿಲ್ಲ. "ಗಿಲ್ಮೋರ್ ಇಲ್ಲದೆಯೂ ವಾಟರ್ಸ್ ಮೈದಾನ ತುಂಬಿಸಿದ ನೋಡು" ಅಂತ ಆ ಬೇಸ್ ಗೆಳೆಯ. "ಜನ ಕಣ್ಣೀರು ಹಾಕಿದ್ದು ಗಿಲ್ಮೋರ್ ಕಟ್ಟಿದ ಗಿಟಾರ್ ಸೋಲೋಗೆ" ಅಂತ ನಾನು.

ಗೆಲ್ಲಲೇಬೇಕು ಅಂತ ನಾನು ಕೊನೆಯ ಬಾಣ ಬಿಟ್ಟೆ. ಪಿಂಕ್ ಫ್ಲಾಯ್ಡ್ ರೆಕಾರ್ಡುಗಳಲ್ಲಿ ಕೇಳುವ ಬೇಸ್ ಎಲ್ಲವೂ ವಾಟರ್ಸ್‌ದಲ್ಲ. ಕೆಲವು ಕಡೆ ಅದನ್ನು ನುಡಿಸಿದ್ದು ಗಿಲ್ಮೋರ್. 1979ರ 'ದ ವಾಲ್' ಆಲ್ಬಂನಲ್ಲಿರುವ 'ಹೇ ಯೂ' ಹಾಡಿನ ಫ್ರೆಟ್‌ಲೆಸ್ ಬೇಸ್ (ಕತ್ತಿನ ಮೇಲೆ ಅಡ್ಡ ಪಟ್ಟಿಗಳಿಲ್ಲದ್ದು) ಅವನದ್ದೇ. ಮಾತು ನಿಜ. ಆದರೆ ನಾನು ಅದನ್ನು ಹೇಳಿದ್ದು ಒಬ್ಬ ಬೇಸ್ ನುಡಿಸುವವನ ಮುಖ ನೋಡಿಕೊಂಡು. "ಬೇಸ್ ಏನು ಮಹಾ, ಗಿಟಾರ್ ಬಂದವನಿಗೆ ಅದೂ ಬರುತ್ತದೆ" ಅಂತ ಸೇರಿಸಿದೆ. ಅವನು ಕಿಟಕಿಯ ಕಡೆ ತಿರುಗಿದ. ಪುತ್ತೂರು ಬರುವವರೆಗೂ ಮಾತಾಡಲಿಲ್ಲ.

ಆ ಮಳೆಗಾಲ ಮಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ನಮ್ಮದೇ ಮೂರು ಕನ್ನಡ ಹಾಡು ರೆಕಾರ್ಡ್ ಮಾಡಿದೆವು. ಎಂಟೇ ಟ್ರ್ಯಾಕಿನ ಟೇಪ್ ಮೆಷಿನ್, ಅಂದರೆ ಬೇರೆಬೇರೆಯಾಗಿ ಹಿಡಿದಿಡಲು ಎಂಟೇ ಸಾಲು. ಮೊದಲ ದಿನ ಡ್ರಮ್ಸ್, ಬೇಸ್ ಮತ್ತು ಕೀಬೋರ್ಡ್ ಒಟ್ಟಿಗೆ ಆಯಿತು. ಎರಡನೇ ದಿನ ಬೇಸ್ ಗೆಳೆಯ ಬರಲಿಲ್ಲ. ಮಳೆ ಸ್ವಲ್ಪ ಬಿಟ್ಟಿತ್ತು, ಅಡಿಕೆಗೆ ಮದ್ದು ಬಿಡುವವರು ಅವತ್ತೇ ಸಿಕ್ಕಿದ್ದರು. ನಮ್ಮ ಕಡೆಯವರಿಗೆ ಗೊತ್ತು, ಆ ಬಿಸಿಲು ತಪ್ಪಿದರೆ ಕೊಳೆರೋಗ ಬಂದು ವರ್ಷದ ಬೆಳೆ ಉದುರುತ್ತದೆ. ಅವನು ತೋಟ ಬಿಟ್ಟು ಬರುವ ಹಾಗಿರಲಿಲ್ಲ.

ನಾನು ಅವನ ಬೇಸ್ ಅಳಿಸಿ, ಅದೇ ಟ್ರ್ಯಾಕಿನಲ್ಲಿ ನಾನೇ ನುಡಿಸಿದೆ.

ಇಲ್ಲಿ ನನ್ನ ತಪ್ಪು ಯಾವುದು ಅಂತ ಪೂರ್ತಿ ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟೋ ವರ್ಷ ನನಗೇ ಅದು ಸರಿಯಾಗಿ ತಿಳಿದಿರಲಿಲ್ಲ. ಕೇಳದೆ ಮಾಡಿದ್ದು ತಪ್ಪು ಅಂದುಕೊಂಡಿದ್ದೆ. ಅದು ತಪ್ಪೇ. ಅಳಿಸಿದ್ದು ಅದಕ್ಕಿಂತ ದೊಡ್ಡದು. ಆದರೆ ಇವೆರಡಕ್ಕೂ ಮೊದಲು ಇನ್ನೊಂದು ನಡೆದಿತ್ತು. ರೆಕಾರ್ಡಿಸ್ಟ್‌ಗೆ ಹೇಳಿ ಉಳಿದ ಎಲ್ಲ ಟ್ರ್ಯಾಕುಗಳನ್ನು ಮುಚ್ಚಿಸಿ, ಅವನ ಬೇಸ್ ಒಂದನ್ನೇ ಕೇಳಿದ್ದೆ. ಒಂಟಿಯಾಗಿ ಕೇಳಿದಾಗ ಅದು ಸೋತ ಹಾಗಿತ್ತು. ಸ್ವರಗಳು ಕಡಿಮೆ, ನಡುನಡುವೆ ಖಾಲಿ. ಪ್ರತಿಯೊಂದೂ ತಾಳಕ್ಕೆ ಕೂದಲೆಳೆ ಹಿಂದೆ. ಇವನಿಗೆ ಟೈಮಿಂಗ್ ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ.

ಆದರೆ ಡ್ರಮ್ಸ್ ಹುಡುಗ ತನ್ನ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಹೊಡೆದದ್ದು ಹೆಡ್‌ಫೋನಿನಲ್ಲಿ ಅದೇ ಬೇಸ್ ಕೇಳುತ್ತಾ. ಬೇಸಿನವನು ಹಿಂದೆ ಎಳೆದಷ್ಟೇ ಡ್ರಮ್ಸಿನವನೂ ಹಿಂದೆ ಎಳೆದಿದ್ದ. ಹಾಡಿಗೆ ತೂಕ ಬಂದದ್ದು ಅಲ್ಲಿಂದ. ನಾನು ಗೆಳೆಯನ ಸ್ವರಗಳನ್ನು ತೆಗೆದು ನನ್ನದನ್ನು ನೇರ ತಾಳದ ಮೇಲೆ ಇಟ್ಟೆ. ಒಂದೂ ತಪ್ಪಿಲ್ಲ, ಆದರೆ ಬೇಸ್ ಮುಂದೆ, ಡ್ರಮ್ಸ್ ಹಿಂದೆ. ಅವನು ಸುಮ್ಮನಿದ್ದ ಕಡೆಯಲ್ಲೆಲ್ಲ ಕೀಬೋರ್ಡಿನ ಸಣ್ಣ ಸಣ್ಣ ಎಳೆಗಳು ಇದ್ದವು. ಖಾಲಿ ಜಾಗ ಅಂತ ನಾನು ಅಲ್ಲೆಲ್ಲ ತುಂಬಿಸಿದೆ. ಕೀಬೋರ್ಡ್ ಮುಳುಗಿಹೋಯಿತು. ಒಬ್ಬನನ್ನು ತೆಗೆದೆ ಅಂದುಕೊಂಡು ಮೂವರನ್ನು ಕೆಡಿಸಿದ್ದೆ. ಅವನನ್ನು ಒಂಟಿಯಾಗಿ ನಿಲ್ಲಿಸಿ ಅಳೆದೆನಲ್ಲ, ಎಲ್ಲ ಕೆಟ್ಟದ್ದು ಅಲ್ಲಿ.

ನನ್ನ ಮಾವ ಊರಿನ ತಾಳಮದ್ದಳೆಯಲ್ಲಿ ಮದ್ದಳೆ ನುಡಿಸುತ್ತಿದ್ದರು. ನಮ್ಮ ಹಾಡುಗಳ ಕ್ಯಾಸೆಟ್ ಹಾಕಿ ಕೇಳಿಸಿದೆ. ರಾಕ್ ಅಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಒಂದು ನಿಮಿಷ ಕೇಳಿ, "ಇದರಲ್ಲಿ ಯಾರಿಗೆ ಇಷ್ಟು ಅವಸರ?" ಅಂದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೆರಳಿನ ಕೆಲಸ ಮಾತ್ರ ನೋಡಿದರೆ ಗಿಲ್ಮೋರ್ ಮುಂದೆ, ಅದರಲ್ಲಿ ವಾದ ಬೇಡ. ಆದರೆ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. 'ಕಂಫರ್ಟಬ್ಲಿ ನಂಬ್' ಹಾಡು ತೆಗೆದುಕೊಳ್ಳಿ. ರಾಗದ ಮೂಲ ಗಿಲ್ಮೋರ್‌ದು, ಮಾತುಗಳು ವಾಟರ್ಸ್‌ದು. ಅದನ್ನು ಹೇಗೆ ರೆಕಾರ್ಡ್ ಮಾಡಬೇಕು ಅಂತ ಇಬ್ಬರಿಗೂ ದೊಡ್ಡ ಜಗಳವೇ ಆಯಿತು. ವಾಟರ್ಸ್‌ಗೆ ಆರ್ಕೆಸ್ಟ್ರಾ ಬೇಕು, ಗಿಲ್ಮೋರ್‌ಗೆ ಗಡಸು ಗಿಟಾರ್ ಬೇಕು. ಕೊನೆಗೆ ಎರಡನ್ನೂ ಜೋಡಿಸಿದರು. ನೀವು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವುದು ಆ ಜೋಡಣೆಗೆ. ಅದರಿಂದ ಒಬ್ಬನನ್ನು ಹೇಗೆ ಎಳೆದು ತೆಗೆಯುತ್ತೀರಿ? 1985ರಲ್ಲಿ ವಾಟರ್ಸ್ ಹೊರಟುಹೋದ. ಆಮೇಲೆ ಅವನು ಬೇರೆ, ಇವರು ಬೇರೆ ಆಲ್ಬಂ ಮಾಡಿದರು. ಎಲ್ಲವನ್ನೂ ನಾನು ಕೇಳಿದ್ದೇನೆ. ಅವನ ಹಾಡುಗಳಲ್ಲಿ ನನಗೆ ಉಸಿರಾಡಲು ಜಾಗ ಸಿಗಲಿಲ್ಲ, ಇವರ ಹಾಡುಗಳಲ್ಲಿ ಕಚ್ಚುವ ಮಾತು ಸಿಗಲಿಲ್ಲ.

ಇನ್ನೊಂದು ಮಾತು. ನಿಮ್ಮ ನಾಲ್ವರ ವಾದದಲ್ಲಿ ಪಿಂಕ್ ಫ್ಲಾಯ್ಡ್‌ನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಹೆಸರೇ ಇಲ್ಲ, ಅಲ್ವಾ? 1973ರ 'ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂನಲ್ಲಿ ಒಂದು ಹೆಣ್ಣುದನಿ ಮಾತಿಲ್ಲದೆ ಅಳುತ್ತದಲ್ಲ, ಅದರ ಕೆಳಗಿನ ಪಿಯಾನೋ ಅವನದ್ದು. 'ದ ವಾಲ್' ಮಾಡುವ ಹೊತ್ತಿಗೆ ಅವನನ್ನು ಬ್ಯಾಂಡಿನಿಂದ ಹೊರಹಾಕಿದರು. ಆಮೇಲಿನ ಕಾರ್ಯಕ್ರಮಗಳಲ್ಲಿ ತಾನೂ ಸೇರಿ ಕಟ್ಟಿದ ಬ್ಯಾಂಡಿಗೆ ಅವನು ಸಂಬಳಕ್ಕೆ ನುಡಿಸಿದ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, 24 ವರ್ಷದ ನಂತರ, ನಾಲ್ವರೂ ಒಂದೇ ವೇದಿಕೆಯಲ್ಲಿ ನಿಂತರು. 2008ರಲ್ಲಿ ರೈಟ್ ತೀರಿಕೊಂಡ. ಮತ್ತೆ ಆ ನಾಲ್ವರು ಸೇರುವ ದಾರಿಯೇ ಇಲ್ಲದಾಯಿತು. ವಾಟರ್ಸಾ ಗಿಲ್ಮೋರಾ ಅಂತ ಕೇಳುವವರೆಲ್ಲ ರೈಟ್‌ನನ್ನೂ ಡ್ರಮ್ಸಿನ ನಿಕ್ ಮೇಸನ್‌ನನ್ನೂ ಪ್ರತಿ ಸಲ ಹೊರಗೇ ನಿಲ್ಲಿಸುತ್ತಾರೆ. ನಾವೂ ಅದನ್ನೇ ಮಾಡಿದ್ದೆವು.

ಯಕ್ಷಗಾನ ಆಟ ನೋಡಲು ಹೋದಾಗ ಚೆಂಡೆಯ ಅಬ್ಬರಕ್ಕೆ ನಾನೂ ಚಪ್ಪಾಳೆ ಹೊಡೆಯುತ್ತೇನೆ. ಆದರೆ ಈಗ ನನ್ನ ಕಿವಿ ಮದ್ದಳೆಯ ಕಡೆಗೇ ಹೋಗುತ್ತದೆ. ಭಾಗವತರು ಪದ ಎತ್ತಿದಾಗ ಅವರ ಬಗಲಲ್ಲೇ ನಡೆಯುವುದು ಅದು.

ಆದ್ದರಿಂದ ನಿಮಗೆ ನಾನು ಹೇಳುವುದು ಒಂದೇ ಕೆಲಸ. ವಾದ ನಿಲ್ಲಿಸಿ, ನಿಮ್ಮದೇ ಪ್ರಾಕ್ಟೀಸನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲು ನಾಲ್ವರೂ ನುಡಿಸಿ, ಆಮೇಲೆ ಒಬ್ಬೊಬ್ಬರನ್ನು ಬಿಟ್ಟು ನುಡಿಸಿ. ಕೂತು ಕೇಳಿ. ಯಾರು ದೊಡ್ಡವರು ಅಂತ ಆಮೇಲೂ ಕೇಳಬೇಕು ಅನ್ನಿಸಿದರೆ ನನಗೆ ಬರೆಯಿರಿ. ನಿಮ್ಮ ಬೇಸ್ ನುಡಿಸುವವನಿಗೆ ನನ್ನಂತೆ ಏನಾದರೂ ಅಂದಿದ್ದರೆ ಇವತ್ತೇ ಅವನ ಮನೆಗೆ ಹೋಗಿ. ಫೋನು ಸಾಲದು.

ನಮ್ಮವನು ಮುಂದಿನ ವಾರ ಬಂದು ಹೆಡ್‌ಫೋನ್ ಹಾಕಿಕೊಂಡ. ಮೊದಲ ಸಾಲಿಗೇ ಅವನಿಗೆ ಗೊತ್ತಾಯಿತು. ಬೈಯಲಿಲ್ಲ. "ಇದು ನನ್ನದಲ್ಲ" ಅಂದ, ಬೇಸನ್ನು ಚೀಲಕ್ಕೆ ಹಾಕಿ ಕಾಸರಗೋಡು ಬಸ್ಸಿಗೆ ಹೋದ. ನಾವು ಈಗಲೂ ಮದುವೆ ಮನೆಗಳಲ್ಲಿ ಸಿಗುತ್ತೇವೆ. ಅಡಿಕೆ ರೇಟು, ಮಳೆ, ಮಕ್ಕಳ ಶಾಲೆ ಮಾತಾಡುತ್ತೇವೆ. ಕ್ಷಮೆ ಕೇಳಿದೆ, "ಹಳೇದು ಬಿಡು ಮಾರಾಯ" ಅಂದ. ಆ ಕ್ಯಾಸೆಟ್ ನನ್ನ ಹತ್ತಿರ ಇದೆ. ಅದರಲ್ಲಿ ಮೂರು ಹಾಡಿಗೂ ನನ್ನ ಬೇಸ್ ಇದೆ. ಅವನದ್ದು ಎಲ್ಲಿಯೂ ಇಲ್ಲ. ಎರಡನೇ ಹಾಡನ್ನು ಅವನು ಶುರು ಮಾಡುತ್ತಿದ್ದ ಆ ನಾಲ್ಕು ಸ್ವರ ಮಾತ್ರ ನನಗೆ ನೆನಪಿದೆ, ಮತ್ತು ಐದನೆಯದಕ್ಕೆ ಮೊದಲು ಅವನು ಕಾಯುತ್ತಿದ್ದದ್ದು.