"ಅವನ ಪಾಪ ಇನ್ನೂ ತೊಳೆದಿಲ್ವಾ ಮಿಸ್?"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತಿಳಿ ಮೈಬಣ್ಣದ, ದೈವಭಕ್ತಿಯ ಕ್ರೈಸ್ತ ಕುಟುಂಬ. 5 ವರ್ಷದ ಮಗಳು ಆಟದಲ್ಲಿ ಕಪ್ಪು ಜನಾಂಗದ ಹುಡುಗನ ಕೈ ಹಿಡಿಯಲು ಒಪ್ಪಲಿಲ್ಲ. ಯಾಕಮ್ಮಾ ಎಂದು ಟೀಚರ್ ಕೇಳಿದರೆ, ಮೇಲಿನ ಪ್ರಶ್ನೆ ಕೇಳಿದಳು. ಹುಡುಗನೂ ಅದನ್ನು ಕೇಳಿಸಿಕೊಂಡ.

ತಂದೆ ತಾಯಿ ಮಗುವನ್ನು ಕರೆದುಕೊಂಡು ಸಲಹೆಗಾಗಿ ನನ್ನ ಬಳಿ ಬಂದರು. "ನಮ್ಮ ಮನೇಲಿ ಬಣ್ಣದ ಮಾತೇ ಆಡಲ್ಲ ಮೇಡಮ್" ಎಂದು ತಾಯಿ ಅತ್ತರು. ಅದು ನಿಜ. ತೊಡಕು ಇದ್ದದ್ದೂ ಅಲ್ಲೇ.

ಮಗುವಿನಿಂದ ಚಿತ್ರ ಬರೆಸಿದೆ. ದೇವರಿಗೂ ದೇವದೂತರಿಗೂ ತಿಳಿ ಬಣ್ಣ ಹಚ್ಚಿದಳು, ಕೆಟ್ಟವರಿಗೆ ಕಪ್ಪು. ಭಾನುವಾರದ ತರಗತಿಯಲ್ಲಿ ಅಕ್ಷರಗಳಿಲ್ಲದ ಪುಟ್ಟ ಪುಸ್ತಕ ತೋರಿಸುತ್ತಿದ್ದರಂತೆ. ಕಪ್ಪು ಹಾಳೆ ಪಾಪ, ಕೆಂಪು ಯೇಸುವಿನ ರಕ್ತ, ಬಿಳಿ ಶುದ್ಧ ಹೃದಯ. 1866ರಲ್ಲಿ ಇಂಗ್ಲೆಂಡಿನ ಕ್ರೈಸ್ತ ಬೋಧಕ ಸ್ಪರ್ಜನ್ ಹೇಳಿಕೊಟ್ಟ ಪಾಠ ಅದು. ಕಲಿಸುವವರು ಹೇಳುವುದು ಹೃದಯದ ವಿಷಯ. ಈ ವಯಸ್ಸಿನ ಮಗುವಿಗೆ ಮಾತ್ರ ಕಪ್ಪು ಅಂದ್ರೆ ಕಣ್ಣಿಗೆ ಕಾಣುವ ಕಪ್ಪು.

ಮಕ್ಕಳಿಗೆ ಬಣ್ಣ ಕಾಣುವುದಿಲ್ಲ ಎಂದು ನಾವು ಸುಮ್ನೆ ನಂಬಿಕೊಂಡಿದ್ದೇವೆ. ಮೂರು ತಿಂಗಳ ಕೂಸು ಕೂಡ ತಾನು ದಿನಾ ನೋಡುವ ಜನಾಂಗದ ಮುಖಗಳನ್ನೇ ಜಾಸ್ತಿ ಹೊತ್ತು ನೋಡುತ್ತದೆ. ಆ ವ್ಯತ್ಯಾಸಕ್ಕೆ ಯಾರೂ ಅರ್ಥ ಹೇಳದಿದ್ದರೆ, ಮಗು ಕೈಗೆ ಸಿಕ್ಕ ಅರ್ಥವನ್ನು ಜೋಡಿಸಿಕೊಳ್ಳುತ್ತದೆ. ಇವಳಿಗೆ ಸಿಕ್ಕಿದ್ದು ಆ ಹಾಳೆ.

ಇದು ಬಾಲ್ಯಕ್ಕೇ ಮುಗಿಯುವುದಿಲ್ಲ. ದೇವರನ್ನು ಬಿಳಿಯ ಗಂಡಸಾಗಿ ಕಲ್ಪಿಸಿಕೊಳ್ಳುವವರು ನಾಯಕತ್ವಕ್ಕೂ ಬಿಳಿಯ ಗಂಡಸರನ್ನೇ ಮೆಚ್ಚುವುದು ಜಾಸ್ತಿ ಎಂದು ಮನಶ್ಶಾಸ್ತ್ರಜ್ಞ ಸ್ಟೀವನ್ ರಾಬರ್ಟ್ಸ್ ಮತ್ತು ಸಂಗಡಿಗರು 2020ರಲ್ಲಿ ಅಮೆರಿಕದಲ್ಲಿ ತೋರಿಸಿದರು.

ತಂದೆ ಹೊತ್ತಿದ್ದ ಭಾರ ಬೇರೆ. "ನೋಹನ ಶಾಪದಿಂದ ಅವರು ಕಪ್ಪಾದರು ಅಂತ ನಮ್ಮ ಅಜ್ಜ ಹೇಳೋರು. ಅದು ಬೈಬಲ್‌ನಲ್ಲಿ ಇದೆಯಲ್ವಾ?" ಆದಿಕಾಂಡ 9ನೇ ಅಧ್ಯಾಯವನ್ನು ಜೊತೆಗೇ ಓದಿದೆವು. ಶಾಪ ಬಿದ್ದದ್ದು ನೋಹನ ಮೊಮ್ಮಗ ಕಾನಾನನಿಗೆ. ಮೈಬಣ್ಣದ ಸುದ್ದಿಯೇ ಅಲ್ಲಿಲ್ಲ. ಗುಲಾಮಗಿರಿಯನ್ನು ಸಮರ್ಥಿಸಿಕೊಳ್ಳಲು ಜನ ಆ ಅರ್ಥ ಹಚ್ಚಿದರು. ತಂದೆ ಬಹಳ ಹೊತ್ತು ಮಾತಾಡಲಿಲ್ಲ.

ಭಕ್ತಿ ಬಿಡಿ ಎಂದು ನಾನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಫಿಲಿಪ್ಪನಿಂದ ದೀಕ್ಷಾಸ್ನಾನ ಪಡೆದ ಇಥಿಯೋಪಿಯದ ಅಧಿಕಾರಿಯ ಕಥೆ ಅದೇ ಬೈಬಲ್‌ನಲ್ಲಿದೆ. ಅದನ್ನು ಹೇಳಿ ಎಂದೆ. ಮಗುವನ್ನು ಗದರಬೇಡಿ, ಗದರಿದರೆ ಪ್ರಶ್ನೆ ಒಳಗೇ ಉಳಿಯುತ್ತದೆ. "ಚರ್ಮದಲ್ಲಿ ಮೆಲನಿನ್ ಅಂತ ಇರುತ್ತೆ, ಅದು ಜಾಸ್ತಿ ಇದ್ರೆ ಬಣ್ಣ ಗಾಢ. ಅಪ್ಪ ಅಮ್ಮನಿಂದ ಬರುತ್ತೆ, ಅದು ಕೊಳೆಯಲ್ಲ, ಪಾಪವೂ ಅಲ್ಲ" ಎಂದು ನೇರವಾಗಿ ಹೇಳಿ. ಒಮ್ಮೆ ಹೇಳಿದರೆ ಸಾಲದು. ಚಿತ್ರಪುಸ್ತಕ ನೋಡುವಾಗ, ಪ್ರಾರ್ಥನೆಯ ಹೊತ್ತಲ್ಲಿ, ಮತ್ತೆ ಮತ್ತೆ ಹೇಳಿ. ಮನೆಯ ಗೋಡೆಯಲ್ಲಿ ಬೇರೆ ಬೇರೆ ನಾಡಿನವರು ಬಿಡಿಸಿದ ಯೇಸುವಿನ ಚಿತ್ರಗಳೂ ಇರಲಿ.

ಭಾನುವಾರದ ಟೀಚರ್ ಜೊತೆ ತಾಯಿಯೇ ಮಾತಾಡಿದರು. ಈಗ ಅಲ್ಲಿ ಪಾಪಕ್ಕೆ ಬಣ್ಣ ಹೇಳುವುದಿಲ್ಲ, ಗೆಳೆಯನ ಆಟಿಕೆ ಕಿತ್ತುಕೊಂಡದ್ದು, ಸುಳ್ಳು ಹೇಳಿದ್ದು, ಇಂಥ ಉದಾಹರಣೆ ಕೊಡುತ್ತಾರೆ.

ಕೊನೆಗೆ ನಾನು ಒತ್ತಿ ಹೇಳಿದ್ದು ಆ ಹುಡುಗನ ಬಗ್ಗೆ. ಪೆಟ್ಟು ಬಿದ್ದದ್ದು ಅವನಿಗೆ. ಇವರು ಅವನ ಮನೆಯವರನ್ನು ಕಂಡು, ನೆಪ ಹೇಳದೆ ಕ್ಷಮೆ ಕೇಳಬೇಕು ಎಂದೆ. ಇಬ್ಬರೂ ಹೋಗಿ ಕೇಳಿದರು.