ಒಡಹುಟ್ಟಿದವನ ರಕ್ತ ಯಾಕೆ ಬೇಡ?

ನಾಪೋಕ್ಲಿನ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಅಣ್ಣನ ಆಪರೇಷನ್‌ಗೆ ರಕ್ತ ಬೇಕಿತ್ತು. ಇಬ್ಬರದೂ ಓ ಪಾಸಿಟಿವ್. ‘ನಾನು ಅಲ್ಲೇ ಇದ್ದರೂ ಗುರುತಿಲ್ಲದವರ ರಕ್ತ ಕೊಟ್ಟರು. ಅದಕ್ಕೂ ಕ್ರಾಸ್‌ಮ್ಯಾಚ್ ಅಂತ ಒಂದು ಗಂಟೆ ಕಾಯಿಸಿದರು. ಗ್ರೂಪ್ ಒಂದೇ ಅಂದಮೇಲೆ ಇದೆಲ್ಲ ಯಾಕೆ?’ ಅಂತ ಕೇಳಿದ್ದಾರೆ.

ಥಿಯೇಟರ್ ಹೊರಗೆ ಕೂತವರಿಗೆ ಒಂದು ಗಂಟೆ ಎಷ್ಟು ಉದ್ದ ಅಂತ ಗೊತ್ತು. ಯಾರಾದರೂ ಬಂದು ಎರಡು ಮಾತು ಹೇಳಬಹುದಿತ್ತು, ಒಪ್ಪಿದೆ. ಆದರೆ ಸ್ವಾಮಿ, ಆಗ ನಿಮ್ಮ ಅಣ್ಣನ ಜೀವ ಕಾಯುತ್ತಿದ್ದದ್ದು ಆ ಲ್ಯಾಬ್ ಟೆಕ್ನಿಷಿಯನ್ನೇ. ಕ್ರಾಸ್‌ಮ್ಯಾಚ್ ಅಂದರೆ ಇಷ್ಟೇ: ರೋಗಿಯ ಸೀರಂಗೆ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿದ್ರವಕ್ಕೆ, ದಾನಿಯ ಕೆಂಪುಕಣ ಸೇರಿಸಿ, 37 ಡಿಗ್ರಿಯಲ್ಲಿಟ್ಟು, ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿ, ಕಣಗಳು ಗಂಟು ಕಟ್ಟಿವೆಯಾ ಅಂತ ನೋಡುತ್ತಾರೆ. ಕಟ್ಟಿದರೆ ಆ ಚೀಲ ಪಕ್ಕಕ್ಕೆ.

ವಿಜ್ಞಾನಿ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗ್ರೂಪ್‌ಗಳನ್ನು ವಿಂಗಡಿಸಿದರು. ಪಾಸಿಟಿವ್, ನೆಗೆಟಿವ್ ಅಂತ ಹೇಳುವ ಆರ್‌ಎಚ್ ತಿಳಿದದ್ದು 1940ರಲ್ಲಿ. ಕೆಂಪುಕಣದ ಮೇಲೆ ಇನ್ನೂ ನೂರಾರು ಗುರುತುಗಳಿವೆ. ಹಿಂದೆ ರಕ್ತ ಏರಿಸಿಕೊಂಡವರಲ್ಲಿ, ಹೆತ್ತ ತಾಯಂದಿರಲ್ಲಿ ಇವುಗಳ ವಿರುದ್ಧ ಆಂಟಿಬಾಡಿ, ಅಂದರೆ ಹೊರಗಿನದರ ಮೇಲೆ ಬೀಳುವ ರಕ್ಷಣಾ ಅಂಶ, ಹುಟ್ಟಿರಬಹುದು. ನಮ್ಮ ಪರಿಚಯದ ಎಸ್ಟೇಟ್ ರೈಟರೊಬ್ಬರ ಹೆಂಡತಿಗೆ ಮೂರನೇ ಹೆರಿಗೆಯಲ್ಲಿ ಗ್ರೂಪ್ ಸರಿ ಇದ್ದರೂ ಮೊದಲ ಚೀಲ ಹೊಂದಲಿಲ್ಲ. ಬಾಂಬೆ ಗ್ರೂಪ್ ಅನ್ನೋ ಅಪರೂಪದ ಗ್ರೂಪ್ ಕೇಳಿದ್ದೀರಾ? 1952ರಲ್ಲಿ ಡಾ. ಭೇಂಡೆ ಅದನ್ನು ವರದಿ ಮಾಡಿದರು. ಮೇಲುಮೇಲಿನ ಪರೀಕ್ಷೆಗೆ ಅದೂ ಓ ಅಂತಲೇ ಕಾಣುತ್ತೆ. ಆದರೆ ಅಂಥವರಿಗೆ ಓ ರಕ್ತ ಏರಿಸಿದರೆ ಜೀವಕ್ಕೇ ಕುತ್ತು.

ಇನ್ನು ಒಡಹುಟ್ಟಿದವರ ಮಾತು. ಒಕ್ಕದ, ಅಂದರೆ ಮನೆತನದ, ಅಭಿಮಾನ ನಮ್ಮ ಕೊಡಗಿನಲ್ಲಿ ಜಾಸ್ತಿ, ಅಲ್ವಾ? ವಿಜ್ಞಾನ ಉಲ್ಟಾ ಹೇಳುತ್ತೆ. ಹತ್ತಿರದ ಸಂಬಂಧಿಯ ಬಿಳಿಕಣಗಳನ್ನು ರೋಗಿಯ ದೇಹ ಹೊರಗಿನವು ಅಂತ ಗುರುತಿಸದೆ ಬಿಟ್ಟುಬಿಡಬಹುದು. ಅವು ಅಲ್ಲೇ ಬೆಳೆದು ರೋಗಿಯ ಮೇಲೇ ತಿರುಗಿ ಬೀಳುತ್ತವೆ. ತುಂಬಾ ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಅದಕ್ಕೇ ಆ ಬಿಳಿಕಣ ಬೆಳೆಯದಂತೆ ವಿಕಿರಣ ಹಾಯಿಸದೆ ಸಂಬಂಧಿಕರ ರಕ್ತವನ್ನು ಕೊಡಬಾರದು.

ಆ ಗುರುತಿಲ್ಲದವರು ಸುಮ್ನೆ ಬಂದು ಕೊಟ್ಟು ಹೋಗಿದ್ದಕ್ಕೇ ಅಂದು ಚೀಲ ಸಿಕ್ಕಿತು. ಹಣಕ್ಕೆ ರಕ್ತ ಮಾರುವುದಕ್ಕೆ 1998ರಿಂದ ನಿಷೇಧವಿದೆ, ಸುಪ್ರೀಂ ಕೋರ್ಟ್ ಆದೇಶ. ನಮ್ಮ ಮುಖಂಡರಿಗೆ ಮಾತ್ರ ಕ್ಯಾಲೆಂಡರ್ ಗೊತ್ತಿಲ್ಲ. ಹುಟ್ಟುಹಬ್ಬಕ್ಕೆ ಒಂದೇ ದಿನ ಸಾಲುಗಟ್ಟಿ ರಕ್ತ ಕೊಡಿಸುತ್ತಾರೆ, ಫೋಟೊ ನಮಗೇ ಕಳಿಸುತ್ತಾರೆ. ಕೆಂಪುಕಣ ಇಡಬಹುದಾದದ್ದು 35ರಿಂದ 42 ದಿನ. ಆಮೇಲೆ ಮಳೆ ಹಿಡಿದಾಗ, ಸಂಪಾಜೆ ಘಾಟಿಯಲ್ಲಿ ಬಸ್ ಮಗುಚಿದರೆ, ವಾಟ್ಸಾಪ್‌ನಲ್ಲಿ ‘ಅರ್ಜೆಂಟ್’ ಅಂತ ಕೂಗಾಟ. ಅದರಲ್ಲೂ ಅರ್ಧ ಹೋದ ವರ್ಷದ ಮೆಸೇಜು!

ಕೊಡಲು ತಯಾರಿದ್ದ ನಿಮ್ಮ ಮನಸ್ಸು ದೊಡ್ಡದು. ಅದು ಅಣ್ಣನಿಗೇ ಮೀಸಲಾಗಬೇಕಿಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು. ಜುಲೈನಲ್ಲಿ ಮಡಿಕೇರಿ ರಕ್ತನಿಧಿಗೆ ಒಮ್ಮೆ ಹೋಗಿಬನ್ನಿ. ತಿಂಡಿ ತಿಂದುಕೊಂಡೇ ಹೋಗಿ.